ಎರಡೂವರೆ ಮೀಟರಿನ ಕೆಳಗೆ

ಬೆಳಿಗ್ಗೆ ಹತ್ತೂ ಹತ್ತಕ್ಕೆ ಚಿಕ್ಕಮ್ಮನ ಫೋನು ಬಂತು. ಹಲೋ ಇಲ್ಲ, ತಿಂಡಿ ಆಯ್ತಾ ಎಂಬ ವಿಚಾರಣೆಯೂ ಇಲ್ಲ.

"ಏ ಪುಟ್ಟಿ, ನಮ್ಮನೆ ಎಲ್ಲೇ?"

"ಎಲ್ಲಿ ಅಂದ್ರೆ? ನೀನೀಗ ಎಲ್ಲಿದೀಯ ಚಿಕ್ಕಮ್ಮ?"

"ನಾನು ಮನೇಲೇ ಇದೀನಿ. ಮನೆಯೇ ಇಲ್ಲ."

ನಡೆದದ್ದು ಇಷ್ಟು. ಸಂಜೆ ನಾಲ್ಕಕ್ಕೆ ಕಾಲುವೆ ರಸ್ತೆಯ ಅಗಲೀಕರಣದ ವಿಚಾರಣೆ ಇತ್ತು. ಹದಿನೈದು ದಿನದ ಹಿಂದೆಯೇ ನೋಟಿಸು ಬಂದಿತ್ತು. ಅದರ ಅಡಿಯಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ, 'ವಿವರಗಳಿಗೆ ನಗರದ ನಕ್ಷೆ ಪೋರ್ಟಲ್ ನೋಡುವುದು' ಎಂದು ವೆಬ್ ವಿಳಾಸ ಸಮೇತ ಬರೆದಿತ್ತು. ಕಾಲುವೆ ಸಾಲಿನ ಆರು ಜನ ಹೆಂಗಸರು ಅಂಗಡಿ ಬಾಗಿಲು ತೆರೆಯುವುದನ್ನೇ ಕಾದು ಮುಖ್ಯರಸ್ತೆಯ ಜೆರಾಕ್ಸಿನವನ ಕಂಪ್ಯೂಟರಿನಲ್ಲಿ ನೋಡಿದರು. ಊರಿಗೆ ಊರೇ ಎದ್ದು ನಿಂತಿತ್ತು. ಆಸ್ಪತ್ರೆ ಇತ್ತು, ಹೊಸ ಅಪಾರ್ಟ್‌ಮೆಂಟುಗಳಿದ್ದವು, ಅವುಗಳ ತಲೆಯ ಮೇಲಿನ ನೀರಿನ ಟ್ಯಾಂಕುಗಳೂ ಇದ್ದವು. ಮೌಸು ತಿರುಗಿಸಿದರೆ ಕಟ್ಟಡದ ಬೆನ್ನೂ ಕಾಣುತ್ತಿತ್ತು. ಕಾಲುವೆಯ ಬದಿಗೆ ಬಂದರೆ ಮಾತ್ರ ಹಸಿರು ಬಳಿದ ಚಪ್ಪಟೆ ನೆಲ. ಚೆಂಡಾಡಲು ಹೇಳಿ ಮಾಡಿಸಿದ ಜಾಗದ ಹಾಗೆ.

"ನೀನೇ ತಾನೆ ಅದನ್ನ ಮಾಡೋಳು? ಊರಿನ ಟ್ಯಾಂಕೆಲ್ಲ ಹಾಕಿದೀಯ. ಸಾಕಿದೋಳ ಮನೆ ಮರ್ತೋಯ್ತಾ?"

"ಲೋಡ್ ಆಗಿರಲ್ಲ ಚಿಕ್ಕಮ್ಮ. ನೆಟ್ ನಿಧಾನ ಇರತ್ತೆ. ತಡಿ, ನೋಡ್ತೀನಿ," ಎಂದಳು. ಹೇಳುತ್ತಲೇ ಕಂಪ್ಯೂಟರಿನತ್ತ ತಿರುಗಿದಳು.

ನಗರ ಕಚೇರಿಯ ನಕ್ಷೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಲೇಯರಮ್ಮ ಎಂದೇ ಕರೆಯುವುದು. ಡ್ರೋನು ಹಾರಿಸಿ ತಂದ ಕೋಟಿಗಟ್ಟಲೆ ಅಳತೆಯ ಚುಕ್ಕಿಗಳನ್ನು ಸೋಸಿ, ಅದರಿಂದ ಒಂದೊಂದು ಕಟ್ಟಡವನ್ನೂ ಎತ್ತರ ಸಮೇತ ಎಬ್ಬಿಸಿ, ಲೇಯರ್, ಅಂದರೆ ನಕ್ಷೆಯ ಒಂದು ಪದರ, ಕಟ್ಟಿ ಪೋರ್ಟಲಿಗೆ ಏರಿಸುವುದು ಅವಳ ಕೆಲಸ. ಗುತ್ತಿಗೆ ನೌಕರಿ. ಕೆಲಸ ಕಾಯಂ ಅಲ್ಲದಿದ್ದರೂ ಅಡ್ಡಹೆಸರು ಕಾಯಂ ಆಗಿತ್ತು.

ಪೋರ್ಟಲು ತೆರೆದಳು. ಪೂರ್ತಿ ಲೋಡಾಯಿತು. ಕಾಲುವೆಯ ಬದಿ ನುಣ್ಣಗಿತ್ತು. ಹತ್ತಿರ ಹೋದಳು, ದೂರ ಬಂದಳು, ಓರೆ ಮಾಡಿದಳು. ಆಗ ನೆನಪಾಯಿತು.

ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಲೇಯರು ತೀರಾ ಭಾರವಾಗಿ, ದೊಡ್ಡವರೆಲ್ಲ ಸೇರಿದ್ದ ಸಭೆಯಲ್ಲಿ ತೆರೆಯದೆ ಮುಷ್ಕರ ಹೂಡಿತ್ತು. ಉಪನಿರ್ದೇಶಕರು ಬೆವರು ಒರೆಸಿಕೊಂಡಿದ್ದರು. ಆಗ ಉಪಾಯ ಹುಡುಕಿದವಳು ಇವಳೇ. ಒಂದೇ ಸಾಲಿನ ಆಜ್ಞೆ: ಎರಡೂವರೆ ಮೀಟರಿಗಿಂತ ತಗ್ಗಾಗಿರುವುದನ್ನೆಲ್ಲ ಕಸ ಎಂದು ಗುರುತಿಸಿ ತೆಗೆದುಬಿಡು. ನಿಂತ ಕಾರು, ತಳ್ಳುಗಾಡಿ, ಪೊದೆ, ಜನರೇಟರಿನ ಪೆಟ್ಟಿಗೆ ಎಲ್ಲ ಹೋದವು. ಲೇಯರು ಹೂವಿನಷ್ಟು ಹಗುರಾಯಿತು. ಚಪ್ಪಾಳೆ ಬಿತ್ತು, ಬಹುಮಾನವಾಗಿ ಒಂದು ಗೋಡೆ ಗಡಿಯಾರ ಬಂತು. ಅದು ಈಗ ಅವಳ ನೆತ್ತಿಯ ಮೇಲೇ ಟಿಕ್ ಟಿಕ್ ಅನ್ನುತ್ತಿತ್ತು. ಅಂದಿನಿಂದ ಪ್ರತಿ ಲೇಯರಿಗೂ ಆ ಒಂದು ಸಾಲು, ಕಾಫಿಗೆ ಸಕ್ಕರೆ ಹಾಕಿದಷ್ಟು ಸಲೀಸಾಗಿ.

ಕಾಲುವೆ ಸಾಲಿನಲ್ಲಿ ಎರಡೂವರೆ ಮೀಟರು ಮುಟ್ಟುವ ಮನೆ ಒಂದೂ ಇಲ್ಲ. ಅದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಒಂಬತ್ತನೇ ವಯಸ್ಸಿಗೆ ಅಮ್ಮ ತೀರಿಕೊಂಡಾಗ, ಬಟ್ಟೆ ಒಗೆದು ಇಸ್ತ್ರಿ ಹಾಕಿ ಬದುಕುವ ಚಿಕ್ಕಮ್ಮ ಕೈಹಿಡಿದು ಕರೆತಂದದ್ದು ಅಲ್ಲಿಗೇ. "ತಲೆ ಬಗ್ಗಿಸಿ ಬಾ" ಎಂಬುದು ಆ ಮನೆಯಲ್ಲಿ ಅವಳು ಕೇಳಿದ ಮೊದಲ ಮಾತು. ಹದಿನಾರು ವರ್ಷ ಬಗ್ಗಿ ಒಳಗೆ ಹೋಗಿದ್ದಾಳೆ, ಬಗ್ಗಿ ಹೊರಗೆ ಬಂದಿದ್ದಾಳೆ. ಬೆನ್ನಿಗೆ ಗೊತ್ತಿದ್ದದ್ದು ಬೆರಳಿಗೆ ಮರೆತುಹೋಗಿತ್ತು.

ಉಪನಿರ್ದೇಶಕರು ಮೇಜಿನ ಮೇಲೆ ಸಂಜೆಯ ವಿಚಾರಣೆಯ ಫೈಲು ಹರಡಿಕೊಂಡು ಕೂತಿದ್ದರು.

"ಸಾರ್, ಲೇಯರಲ್ಲಿ ತಪ್ಪಾಗಿದೆ. ಕಾಲುವೆ ಸಾಲಿನ ನೂರಾ ಹನ್ನೆರಡು ಮನೆ ಬಿಟ್ಟುಹೋಗಿದೆ."

"ಹದಿನೈದು ದಿನದಿಂದ ಇಲ್ಲದ ತಪ್ಪು ಇವತ್ತೇ ಎಲ್ಲಿಂದ ಹಾರಿ ಬಂತು?"

"ಎರಡೂವರೆ ಮೀಟರಿನ ರೂಲು ಸಾರ್. ಮನೆಗಳೆಲ್ಲ ಕಸಕ್ಕೆ ಹೋಗಿವೆ."

"ನೀವೇ ಮಾಡಿದ ರೂಲಲ್ವೇನಮ್ಮ? ಗಡಿಯಾರ ಬೇರೆ ತಗೊಂಡಿದೀರಿ."

"ನಾನೇ ಸಾರ್. ಅದಕ್ಕೇ ಸರಿ ಮಾಡ್ತೀನಿ ಅಂತಿದೀನಿ. ನಾಲ್ಕು ಗಂಟೆಯೊಳಗೆ ಏರಿಸ್ತೀನಿ."

ಅವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿದರು. ಗೆರೆ ಮುರಿಯದ ಬಿಳಿ ಅಂಗಿ. "ನೋಡಮ್ಮ. ಮನೆ ಇದ್ರೆ ಬದಲಿ ಮನೆ ಕೊಟ್ಟ ಮೇಲೇ ಕೆಡವಬೇಕು ಅನ್ನತ್ತೆ ಕಾನೂನು. ಖಾಲಿ ಜಾಗಕ್ಕೆ ಆ ರಗಳೆ ಇಲ್ಲ. ಯೋಜನೆಯೆಲ್ಲ ಖಾಲಿ ಜಾಗ ಅಂತಲೇ ತಯಾರಾಗಿದೆ, ಮೇಲಿನವ್ರ ಸಹಿ ಬಿದ್ದಿದೆ. ಈಗ ನೀವು ಮನೆ ತಂದು ನಿಲ್ಲಿಸಿದ್ರೆ ನಾನೇನು ಮಾಡ್ಲಿ?"

"ನಾನು ತಂದು ನಿಲ್ಲಿಸ್ತಿಲ್ಲ ಸಾರ್. ಅವು ನಿಂತೇ ಇವೆ. ಅಲ್ಲಿ ಜನ ಇದಾರೆ."

"ಇಲ್ಲ ಅಂತ ನಾನೆಲ್ಲಿ ಹೇಳ್ದೆ? ಪೋರ್ಟಲ್ ಹೇಳ್ತಿದೆ." ಕನ್ನಡಕ ಏರಿಸಿಕೊಂಡರು. "ಲೇಯರಿಗೆ ಕೈ ಹಚ್ಚೋ ಹಾಗಿಲ್ಲ. ಹೋಗಿ."

ಹೊರಗೆ ಬಂದು ಕಾರಿಡಾರಿನಲ್ಲಿ ಮೂರು ಸಲ ಆ ತುದಿಗೆ ಈ ತುದಿಗೆ ತಿರುಗಿದಳು. ಎಂಥ ಸುಖದ ಲೋಕವಿದು! ಯಾರೂ ಯಾರ ಮನೆಯನ್ನೂ ಕೆಡವುವುದಿಲ್ಲ. ಒಬ್ಬಳು ಒಂದು ಸಾಲು ಬರೆಯುತ್ತಾಳೆ, ಒಬ್ಬರು ಸಹಿ ಹಾಕುತ್ತಾರೆ, ಯಂತ್ರವೊಂದು ಹೇಳುತ್ತದೆ. ಬುಲ್ಡೋಜರಿನವನು ಬರುವ ಹೊತ್ತಿಗೆ ಅಲ್ಲಿ ಕೆಡವಲು ಏನೂ ಇರುವುದೇ ಇಲ್ಲ, ಹಸಿರು ನೆಲ ಬಿಟ್ಟು. ಎಲ್ಲರ ಕೈಯೂ ಶುಭ್ರ. ಅವಳ ಕೈಯೂ.

ಮೊದಲು ಡ್ರೋನು ಹಾರಿಸುವವನ ಕೋಣೆಗೆ ನುಗ್ಗಿದಳು. ವಿಭಾಗದವರೆಲ್ಲ ಅವನನ್ನು ಡ್ರೋನಣ್ಣ ಅನ್ನುತ್ತಾರೆ. ಅವನು ಬ್ಯಾಟರಿಗಳನ್ನು ಚಾರ್ಜಿಗೆ ಹಾಕುತ್ತಿದ್ದ.

"ಅಣ್ಣ, ಕಾಲುವೆ ಬ್ಲಾಕಿನ ಮೂಲ ಚುಕ್ಕಿಗಳು ಇನ್ನೂ ಇವೆಯಾ? ಸೋಸೋಕೆ ಮುಂಚಿನದು?"

"ನಾನು ಕಸದ ಬುಟ್ಟಿ ಖಾಲಿ ಮಾಡೋನಲ್ಲ ತಾಯಿ. ಎಲ್ಲ ಇದೆ. ನಿಮ್ಮ ಚಿಕ್ಕಮ್ಮ ಹಗ್ಗದ ಮೇಲೆ ಹಾಕಿದ್ದ ಆಸ್ಪತ್ರೆ ಬೆಡ್‌ಶೀಟು ಕೂಡ ಇದೆ." ಅವಳ ಮುಖ ನೋಡಿ ನಗು ನುಂಗಿಕೊಂಡ. "ಏನಾಯ್ತು?"

ಹೇಳಿದಳು. ಅವನು ತಲೆ ಕೆರೆದುಕೊಂಡು, ಬೀರುವಿನಿಂದ ಹಾರ್ಡ್ ಡಿಸ್ಕು ತೆಗೆದು ಅವಳ ಕೈಗಿಟ್ಟ. "ಹೊಸ ಲೇಯರ್ ಹಾಕಿದ್ರೆ ಅದರ ವಿಳಾಸ ಬೇರೆ ಆಗತ್ತೆ. ಸಭೇಲಿ ತೋರಿಸೋದು ನೋಟಿಸಿನಲ್ಲಿರೋ ಹಳೇ ವಿಳಾಸ. ಅದೇ ವಿಳಾಸದಲ್ಲಿ ಹಳೇದನ್ನ ತೆಗೆದು ಇದನ್ನ ಕೂರಿಸ್ಬೇಕು. ಅದಕ್ಕೆ ಲೇಯರಿನ ಮಾಲೀಕರೇ ಆಗಿರ್ಬೇಕು. ಸಾಹೇಬ್ರು ತಾನೆ ಮಾಲೀಕ್ರು?"

ಅವಳು ಅಲ್ಲೇ ಫೋನಿನಲ್ಲಿ ತೆರೆದು ನೋಡಿದಳು. 'ಮಾಲೀಕರು' ಎಂಬ ಸಾಲಿನ ಮುಂದೆ ಅವಳದೇ ನೌಕರಿ ಸಂಖ್ಯೆ ಇತ್ತು. ಏರಿಸುವ ದಿನ ಸಾಹೇಬರು, "ನಿಮ್ಮ ಲಾಗಿನ್ನಿಂದಲೇ ಹಾಕಿ, ನಾಳೆ ಏನಾದ್ರೂ ತಪ್ಪು ಬಂದ್ರೆ ಉತ್ತರ ಕೊಡೋಕೆ ಅನುಕೂಲ" ಎಂದಿದ್ದರು. ಯಾರಿಗೆ ಅನುಕೂಲ ಎಂಬುದು ಅಂದು ಹೊಳೆದಿರಲಿಲ್ಲ.

"ಕೆಲ್ಸ ಹೋಗತ್ತೆ ನಿಂದು," ಎಂದ ಡ್ರೋನಣ್ಣ.

"ಗೊತ್ತು."

"ಹಾಗಾದ್ರೆ ನಿಂತ್ಕೊಂಡು ಏನ್ ನೋಡ್ತಿದೀಯ? ಹನ್ನೊಂದಾಯ್ತು."

ಆ ಒಂದು ಸಾಲನ್ನು ಅಳಿಸಿ ಕೆಲಸ ಶುರು ಮಾಡಿದಳು. ಯಂತ್ರ ಚುಕ್ಕಿಗಳನ್ನು ನುಂಗತೊಡಗಿತು. ಶೇಕಡಾ ಎರಡು. ಕೂತಳು, ಎದ್ದಳು, ನೀರು ಕುಡಿದಳು. ಶೇಕಡಾ ಎರಡೇ. ಚಿಕ್ಕಮ್ಮನಿಗೆ ಫೋನು ಮಾಡಿದಳು.

"ತಪ್ಪು ನಂದೇ ಚಿಕ್ಕಮ್ಮ. ಮನೆ ತಗ್ಗು ಅಂತ ಬಿಟ್ಟುಹೋಗಿದೆ."

ಆ ಕಡೆ ಇಸ್ತ್ರಿಪೆಟ್ಟಿಗೆ ಮೇಜಿಗೆ ಕುಕ್ಕಿದ ಸದ್ದು. "ತಗ್ಗಂತೆ! ತಗ್ಗಾಗಿ ಕಟ್ಟಿ ಅಂದೋರು ಯಾರೇ? ನಿನ್ನ ಚಿಕ್ಕಪ್ಪ ಎರಡು ಸಾಲು ಇಟ್ಟಿಗೆ ಜಾಸ್ತಿ ಇಟ್ಟಿದ್ದಕ್ಕೆ ನಿಮ್ಮ ಕಚೇರಿಯವ್ರೇ ಬಂದು ಒದ್ದು ಕೆಡವಿ ಹೋಗಿದ್ರು. ಏಳಡಿ ದಾಟಬಾರ್ದು ಅಂತ ಮನೆಮನೆಗೂ ಚೀಟಿ ಕೊಟ್ಟಿದ್ರು. ನೀನು ಸ್ಕೂಲಿಗೆ ಹೋಗ್ತಿದ್ದೆ ಆವಾಗ."

ಲೇಯರಮ್ಮ ತಟ್ಟನೆ ನಿಂತಳು. "ಆ ಚೀಟಿ ಇದೆಯಾ?"

"ಇಲ್ದೆ? ಗಂಡ ಹೋದ, ಚೀಟಿ ಹೋಗಿಲ್ಲ."

"ತಗೊಂಡು ಬಾ. ಈಗ್ಲೇ."

ಹನ್ನೆರಡೂವರೆಗೆ ಗೇಟಿನಲ್ಲಿ ಗಲಾಟೆ ಕೇಳಿಸಿತು. ಮೆಟ್ಟಿಲಿಳಿದು ಓಡಿದಳು. ತಲೆಯ ಮೇಲೆ ಬಟ್ಟೆಗಂಟು ಹೊತ್ತ ಚಿಕ್ಕಮ್ಮ ಕಾವಲುಗಾರನ ಎದುರು ನೆಟ್ಟ ಕಂಬದಂತೆ ನಿಂತಿದ್ದಳು.

"ಪಾಸಿಲ್ದೆ ಒಳಗೆ ಬಿಡಲ್ಲ ಅಂದ್ನಲ್ಲಮ್ಮ."

"ನನಗೆ ಪಾಸ್ ಬೇಕು ಸರಿ. ನಿಮ್ಮ ಸಾಹೇಬ್ರ ಅಂಗಿಗೂ ಬೇಕಾ? ಹಾಗಾದ್ರೆ ವಾಪಸ್ ತಗೊಂಡು ಹೋಗ್ತೀನಿ, ಬನಿಯನ್ನಲ್ಲೇ ಸಭೆ ಮಾಡ್ಲಿ."

ಕಾವಲುಗಾರ ಪಕ್ಕಕ್ಕೆ ತಿರುಗಿ ನಕ್ಕುಬಿಟ್ಟ. ಸಾಹೇಬರ ಬಿಳಿ ಅಂಗಿಗಳು ಹನ್ನೊಂದು ವರ್ಷದಿಂದ ಗೆರೆ ಹಿಡಿಯುತ್ತಿದ್ದುದು ಚಿಕ್ಕಮ್ಮನ ಮೇಜಿನ ಮೇಲೆಯೇ. ಅವರ ಡ್ರೈವರು ವಾರಕ್ಕೆರಡು ಸಲ ಕಾಲುವೆಯ ಬದಿಗೆ ಬಂದು, ತಲೆ ಬಗ್ಗಿಸಿ, ಗಂಟು ಕೊಟ್ಟು ಹೋಗುತ್ತಿದ್ದ.

ಚಿಕ್ಕಮ್ಮ ಮೇಲಿನ ಅಂಗಿಯ ಮಡಿಕೆಯೊಳಗಿಂದ ಹಳದಿಗಟ್ಟಿದ ಕಾಗದವನ್ನು ತೆಗೆದಳು. ಅದಕ್ಕೂ ಇಸ್ತ್ರಿ ಹೊಡೆದಿದ್ದಳು. 'ಆದೇಶ ಸಂಖ್ಯೆ ನಾನೂರ ಹದಿನೇಳು. ಕಾಲುವೆ ಬದಿಯ ನಿವಾಸಿಗಳು ಏಳು ಅಡಿ ಮೀರಿ ಕಟ್ಟಿದಲ್ಲಿ ಸೂಚನೆಯಿಲ್ಲದೆ ಕೆಡವಲಾಗುವುದು.' ಕೆಳಗೆ ಕಚೇರಿಯ ದುಂಡು ಮೊಹರು.

ಏಳು ಅಡಿ ಎಂದರೆ ಎರಡು ಮೀಟರು ಹದಿಮೂರು ಸೆಂಟಿಮೀಟರು. ಲೇಯರಮ್ಮನ ತಲೆಯಲ್ಲಿ ಲೆಕ್ಕ ತಾನಾಗಿಯೇ ಮುಗಿಯಿತು, ಮೈ ಉರಿಯಿತು. ಒಂದು ಕೋಣೆಯಲ್ಲಿ ಕೂತು ಇವರನ್ನು ತಗ್ಗಿಸಿದರು. ಪಕ್ಕದ ಕೋಣೆಯಲ್ಲಿ ಕೂತು, ತಗ್ಗಿದ್ದೀರಿ, ನೀವು ಲೆಕ್ಕಕ್ಕಿಲ್ಲ ಎಂದರು. ಆ ಪಕ್ಕದ ಕೋಣೆಯಲ್ಲಿ ಕೂತಿದ್ದವಳು ತಾನು.

"ಊಟ ಮಾಡ್ದೇನೇ?" ಎಂದಳು ಚಿಕ್ಕಮ್ಮ.

"ಆಮೇಲೆ. ನಾಲ್ಕಕ್ಕೆ ಎಲ್ರನ್ನೂ ಕರ್ಕೊಂಡು ಸಭೆಗೆ ಬಾ."

ಒಂದೂ ನಲವತ್ತಕ್ಕೆ ಮನೆಗಳು ಎದ್ದವು. ನೂರಾ ಹನ್ನೆರಡು ಪುಟ್ಟ ಪೆಟ್ಟಿಗೆಗಳು, ಸುತ್ತಲಿನ ಹಗ್ಗ, ಡ್ರಮ್ಮು ಸಮೇತ. ಪೋರ್ಟಲಿನಲ್ಲಿ ಯಾವ ಕಟ್ಟಡದ ಮೇಲೆ ಒತ್ತಿದರೂ ಒಂದು ಮಾಹಿತಿ ಚೌಕ ತೆರೆದುಕೊಳ್ಳುತ್ತದೆ. ಎತ್ತರ ಎಷ್ಟು, ವಿಸ್ತೀರ್ಣ ಎಷ್ಟು ಎಂದು ಹೇಳುತ್ತದೆ. ಅದರಲ್ಲಿ ಅವಳು ಇನ್ನೊಂದು ಅಂಕಣ ಸೇರಿಸಿದಳು: 'ಎತ್ತರದ ಕಾರಣ'. ನೂರಾ ಹನ್ನೆರಡಕ್ಕೂ ಒಂದೇ ಉತ್ತರ ತುಂಬಿದಳು. ಕಾಗದದ ಫೋಟೋವನ್ನೂ ಅಂಟಿಸಿದಳು. ನಂತರ ಏರಿಸುವ ಗುಂಡಿ ಒತ್ತಿದಳು.

ಅಪ್‌ಲೋಡು ಬಸವನಹುಳುವಿನಂತೆ ತೆವಳಿತು. ಊಟದ ಹೊತ್ತು. ಇಡೀ ಕಚೇರಿ ಊಟದ ಡಬ್ಬಿ ಬಿಚ್ಚಿ, ಇದ್ದ ನೆಟ್ಟನ್ನೆಲ್ಲ ನುಂಗುತ್ತ ವಿಡಿಯೋ ನೋಡುತ್ತಿತ್ತು. ಲೇಯರಮ್ಮ ಕೋಣೆಯಿಂದ ಕೋಣೆಗೆ ಓಡಿದಳು.

"ವೈರಸ್ ಬಂದಿದೆಯಂತೆ, ವಿಡಿಯೋ ನೋಡ್ತಿರೋರ ಫೋಟೋನೆಲ್ಲ ತಾನೇ ಗ್ರೂಪಿಗೆ ಕಳಿಸ್ತಿದೆಯಂತೆ!"

ಹಿರಿಯ ಗುಮಾಸ್ತರು ತುತ್ತು ಬಾಯಲ್ಲಿಟ್ಟುಕೊಂಡೇ ಫೋನು ಮಗುಚಿ ಹಾಕಿದರು. ಐದು ನಿಮಿಷದಲ್ಲಿ ಕಟ್ಟಡ ಸದ್ದಡಗಿತು. ಶೇಕಡಾ ನಲವತ್ತು. ಅರವತ್ತು. ಡ್ರೋನಣ್ಣ ಬಾಗಿಲಿಗೆ ಒರಗಿ ಕಾರಿಡಾರು ಕಾಯುತ್ತಿದ್ದ. ಸಾಹೇಬರ ಚಪ್ಪಲಿಯ ಸದ್ದಾದರೆ ಕೆಮ್ಮಬೇಕೆಂದು ಮಾತಾಗಿತ್ತು. ಅವನಿಗೋ ನಿಜವಾದ ಕೆಮ್ಮೇ ಬಂದು ಎರಡು ಸಲ ಅವಳ ಜೀವ ಬಾಯಿಗೆ ಬಂತು.

ಮೂರೂ ಮೂವತ್ತೈದಕ್ಕೆ ಅಪ್‌ಲೋಡು ಮುಗಿಯಿತು. ಹಳೆಯದನ್ನು ತೆಗೆಯುವ ಮುನ್ನ ಹೊಸದನ್ನು ಒಮ್ಮೆ ತೆರೆದು ನೋಡಿದಳು. ಅದೇ ಹಸಿರು ನೆಲ. ಒಂದು ಮನೆಯೂ ಇಲ್ಲ.

"ಅಣ್ಣಾ!"

ಡ್ರೋನಣ್ಣ ಬಗ್ಗಿ ನೋಡಿದ. "ಎತ್ತರ ಎಲ್ಲಿಂದ ಅಳೆದಿದೀಯ? ಸಮುದ್ರಮಟ್ಟದಿಂದಲೋ, ನೆಲದಿಂದಲೋ?"

ಅವಳು ನೋಟವನ್ನು ನೆಲದಡಿಗೆ ಇಳಿಸಿದಳು. ಎಲ್ಲ ಅಲ್ಲೇ ಇದ್ದವು. ನೂರಾ ಹನ್ನೆರಡು ಮನೆಗಳೂ ಸಾಲಾಗಿ, ಅಂದವಾಗಿ, ಮಣ್ಣಿನೊಳಗೆ ಹೂತುಹೋಗಿದ್ದವು. ನೆಲದಿಂದ ಅಳೆದದ್ದನ್ನು ಪೋರ್ಟಲು ಸಮುದ್ರಮಟ್ಟದಿಂದ ಎಂದುಕೊಂಡಿತ್ತು. ಅವಸರದಲ್ಲಿ ಎರಡು ಸಲ ತಪ್ಪು ಗುಂಡಿ ಒತ್ತಿದಳು. ಮೂರನೆಯ ಸಲಕ್ಕೆ 'ನೆಲಕ್ಕೆ ಹೊಂದಿಸು' ಎಂಬುದು ಸಿಕ್ಕಿತು. ಮನೆಗಳು ಒಟ್ಟಿಗೇ ಮೇಲೆದ್ದು ನಿಂತವು.

ಮೂರೂ ಐವತ್ತೆರಡು. 'ಹಳೆಯದರ ಜಾಗದಲ್ಲಿ ಇದನ್ನು ಕೂರಿಸಬೇಕೆ?' ಎಂದು ಪೋರ್ಟಲು ಕೇಳಿತು. ಒಂದು ಕ್ಷಣ ಅವಳು ತನ್ನ ಕುರ್ಚಿ ನೋಡಿದಳು, ಬಹುಮಾನದ ಗಡಿಯಾರ ನೋಡಿದಳು. ಹೌದು ಎಂದು ಒತ್ತಿದಳು.

ಸಭಾಂಗಣ ತುಂಬಿತ್ತು. ವಿಚಾರಣಾಧಿಕಾರಿ ಮಾತು ಕಡಿಮೆಯ, ನರೆಗೂದಲಿನ ಹೆಂಗಸು. ಉಪನಿರ್ದೇಶಕರು ಎದ್ದು ನಿಂತು, "ಯೋಜನಾ ಪ್ರದೇಶ ಖಾಲಿ ಜಾಗವಾಗಿದ್ದು, ನಕ್ಷೆಯಲ್ಲಿ ತಾವೇ ಕಾಣಬಹುದು" ಎಂದು ಪ್ರೊಜೆಕ್ಟರಿನ ಬೆಳಕು ಬಿದ್ದ ಗೋಡೆಯ ಕಡೆ ಕೈ ತೋರಿದರು. ತೋರಿದ ಕೈ ಗಾಳಿಯಲ್ಲೇ ಉಳಿಯಿತು.

ಗೋಡೆಯ ತುಂಬ ಕಾಲುವೆ ಸಾಲು. ತಗಡಿನ ಮಾಡುಗಳು, ಹಗ್ಗ, ಹಗ್ಗದ ಮೇಲಿನ ಬೆಡ್‌ಶೀಟು. ಹಿಂದಿನ ಸಾಲಿನಿಂದ ಯಾರೋ, "ಅಯ್ಯೋ, ನಮ್ಮ ನೀರಿನ ಡ್ರಮ್ಮು!" ಎಂದರು.

"ಇದು... ಇದು ಅಧಿಕೃತ ಲೇಯರ್ ಅಲ್ಲ ಮೇಡಂ."

"ನಿಮ್ಮ ನೋಟಿಸಿನಲ್ಲಿರೋ ವಿಳಾಸನೇ ತಾನೆ?" ಎಂದರು ವಿಚಾರಣಾಧಿಕಾರಿ. ತಾವೇ ಮೌಸು ಹಿಡಿದು ಒಂದು ಮನೆಯ ಮೇಲೆ ಒತ್ತಿದರು. ಚೌಕ ತೆರೆಯಿತು. ಅವರು ಗಟ್ಟಿಯಾಗಿ ಓದಿದರು: "ಎತ್ತರ, ಎರಡು ಮೀಟರು ಹತ್ತು. ಎತ್ತರದ ಕಾರಣ: ನಗರ ಕಚೇರಿಯ ಆದೇಶ ನಾನೂರ ಹದಿನೇಳು. ಏಳು ಅಡಿ ಮೀರಿ ಕಟ್ಟಿದಲ್ಲಿ ಕೆಡವಲಾಗುವುದು." ಇನ್ನೊಂದು ಮನೆ ಒತ್ತಿದರು. ಅದೇ. ಮೂರನೆಯದು. ಅದೇ. ನಾಲ್ಕನೆಯದಕ್ಕೆ ಓದುವುದನ್ನು ನಿಲ್ಲಿಸಿ ಮೊಹರಿನ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತ ಕೂತರು.

"ಇವೆಲ್ಲ ಎರಡೂವರೆ ಮೀಟರಿಗಿಂತ ಕಡಿಮೆ ಮೇಡಂ. ತಾಂತ್ರಿಕವಾಗಿ ಇವನ್ನ ಕಟ್ಟಡ ಅನ್ನೋಕಾಗಲ್ಲ."

ಚಿಕ್ಕಮ್ಮ ಎದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಸಾಹೇಬ್ರೇ, ನಿಮ್ಮ ಮೈಮೇಲಿರೋ ಅಂಗಿಗೆ ನಿನ್ನೆ ಇಸ್ತ್ರಿ ಹೊಡ್ದಿದ್ದು ಎಲ್ಲಿ? ಖಾಲಿ ಜಾಗದಲ್ಲಾ? ಕಾಲರಿನ ಎಡಗುಂಡಿ ಸಡಿಲ ಇತ್ತು, ಹೊಲಿದು ಕೊಟ್ಟೆ. ಹುಲ್ಲು ಹೊಲಿದು ಕೊಡ್ತಾ?"

ಸಭೆ ಭೋರೆಂದಿತು. ಉಪನಿರ್ದೇಶಕರ ಕೈ ತನಗೇ ತಿಳಿಯದೆ ಕಾಲರಿಗೆ ಹೋಯಿತು.

"ಲೇಯರ್ ಬದಲಾಯಿಸಿದ್ದು ಯಾರು?" ಎಂದರು ವಿಚಾರಣಾಧಿಕಾರಿ.

ಲೇಯರಮ್ಮ ಎದ್ದು ನಿಂತಳು. "ನಾನು ಮೇಡಂ. ಮನೆಗಳನ್ನ ತೆಗೆದಿದ್ದೂ ನಾನೇ, ಹಾಕಿದ್ದೂ ನಾನೇ. ಹಾಕಿದ್ದಕ್ಕೆ ಅಪ್ಪಣೆ ತಗೊಂಡಿಲ್ಲ. ತೆಗೆದಾಗ ಯಾರೂ ಅಪ್ಪಣೆ ಕೇಳಿರ್ಲಿಲ್ಲ."

ವಿಚಾರಣಾಧಿಕಾರಿ ಬರೆದುಕೊಂಡರು. "ನಾಳೆ ಹನ್ನೊಂದಕ್ಕೆ ನಾನೇ ಸ್ಥಳಕ್ಕೆ ಬಂದು ಒಂದೊಂದೇ ಮನೆ ಹೋಲಿಸಿ ನೋಡ್ತೀನಿ. ಅಲ್ಲೀವರೆಗೆ ಖಾಲಿ ಜಾಗ ಅನ್ನೋ ಮಾತು ಕಡತದಲ್ಲಿ ಇರೋಲ್ಲ. ಪೋರ್ಟಲಿಗೆ ಯಾರೂ ಕೈ ಹಚ್ಚಬಾರದು."

ಮೆಟ್ಟಿಲಿಳಿಯುವಷ್ಟರಲ್ಲಿ ಅವಳ ಫೋನು ಟಣ್ ಎಂದಿತು. 'ನಿಮ್ಮ ಲಾಗಿನ್ ರದ್ದಾಗಿದೆ. ನಿಮ್ಮ ಲೇಯರುಗಳ ಮಾಲೀಕತ್ವವನ್ನು ಉಪನಿರ್ದೇಶಕರಿಗೆ ವರ್ಗಾಯಿಸಲಾಗಿದೆ.' ಅವಳು ಅಲ್ಲೇ ನಿಂತಳು. ಹಳೆಯ ಲೇಯರು ಅಳಿದುಹೋಗಿಲ್ಲ. ತಾರೀಖಿನ ಹೆಸರು ಹೊತ್ತು ಪಕ್ಕದಲ್ಲೇ ಮಲಗಿದೆ. ಮಾಲೀಕರು ಒಂದು ಗುಂಡಿ ಒತ್ತಿದರೆ ಅದು ಎದ್ದು ಬಂದು ಹಳೇ ಜಾಗದಲ್ಲಿ ಕೂರುತ್ತದೆ. ಮೂರು ಸೆಕೆಂಡಿನ ಕೆಲಸ.

ಹೊತ್ತು ಇಳಿಯುವ ಮುಂಚೆ ಕಾಲುವೆ ಸಾಲಿಗೆ ಓಡಿದಳು. ಫೋನು ನೋಡುತ್ತಲೇ ಬಾಗಿಲಿಗೆ ನುಗ್ಗಿದವಳ ಹಣೆ ಚೌಕಟ್ಟಿಗೆ ಢಣ್ ಎಂದು ಬಡಿಯಿತು. ಕಣ್ಣಲ್ಲಿ ನೀರು ಬಂತು.

"ಮ್ಯಾಪಲ್ಲಿ ಹಾಕಿದೋಳಿಗೇ ಎತ್ತರ ಮರ್ತೋಯ್ತಾ?" ಚಿಕ್ಕಮ್ಮ ಹಣೆ ಉಜ್ಜಿದಳು. ಅವಳ ಅಂಗೈ ಇಸ್ತ್ರಿಯಷ್ಟೇ ಬಿಸಿಯಾಗಿತ್ತು. "ಗೆದ್ವಲ್ಲೇ, ಇನ್ಯಾಕೆ ಮುಖ ಹೀಗೆ?"

ಗುಂಡಿಯ ವಿಷಯ ಹೇಳಿದಳು. ಕೈ ಹಚ್ಚಬಾರದು ಎಂಬ ಮಾತಿಗೆ ಕೈಗಳು ಎಷ್ಟು ಬೆಲೆ ಕೊಡುತ್ತವೆಂಬುದನ್ನು ಆ ಸಾಲಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಿಕ್ಕಮ್ಮ ಹೊರಗೆ ಹೋಗಿ ಎರಡು ಬಾಗಿಲು ತಟ್ಟಿದಳು. ಆ ಎರಡು ಬಾಗಿಲು ನಾಲ್ಕಾದವು. ಹತ್ತು ನಿಮಿಷದಲ್ಲಿ ಪಾಳಿ ಗೊತ್ತಾಯಿತು: ಒಂದೊಂದು ಮನೆಗೆ ಹತ್ತು ಹತ್ತು ನಿಮಿಷ, ನಾಳೆ ಹನ್ನೊಂದರವರೆಗೆ. ಪೋರ್ಟಲು ತೆರೆದು ನೋಡಬೇಕು, ಫೋಟೋ ಹಿಡಿದಿಡಬೇಕು, ಪಕ್ಕದ ಮನೆಗೆ ಕೂಗಿ ಹೇಳಬೇಕು. ಮಾಯವಾದರೆ ಎಲ್ಲರೂ ಒಟ್ಟಿಗೆ ವಿಚಾರಣಾಧಿಕಾರಿಯ ಮನೆ ಬಾಗಿಲಿಗೆ.

"ಮೊದಲನೇ ಪಾಳಿ ನಿಂದೇ," ಎಂದಳು ಚಿಕ್ಕಮ್ಮ. "ಹೇಗೂ ಕೆಲ್ಸ ಇಲ್ವಲ್ಲ ಈಗ."

ಲೇಯರಮ್ಮ ಇಸ್ತ್ರಿ ಮೇಜಿನ ಪಕ್ಕ ಕೂತು ಫೋನು ಒತ್ತಿದಳು. ಬಳೆಯಂಥ ಗುರುತು ಗಿರಗಿರ ತಿರುಗಿತು. ಮೊದಲು ಕಾಲುವೆ ಬಂತು, ಆಸ್ಪತ್ರೆ ಬಂತು, ಅಪಾರ್ಟ್‌ಮೆಂಟಿನ ಟ್ಯಾಂಕು ಬಂತು. ಕಾಲುವೆಯ ಬದಿಯಲ್ಲಿ ಹಸಿರು. ಉಸಿರು ಹಿಡಿದಳು. ಹಸಿರಿನ ಮೇಲೆ ಒಂದು ತಗಡು ಮೂಡಿತು, ಅದರ ಪಕ್ಕ ಇನ್ನೊಂದು.

"ಇದೆ!" ಎಂದು ಕೂಗಿದಳು.

"ಇದೆಯಂತೆ!" ಎಂದಿತು ಪಕ್ಕದ ಮನೆ. "ಇದೆ, ಇದೆ!" ಎಂದು ಮಾತು ಸಾಲಿನುದ್ದ ಹೋಯಿತು.

ಅದು ತುದಿ ಮುಟ್ಟುವ ಮುಂಚೆಯೇ ಅವಳು ಮತ್ತೆ ಒತ್ತಿದ್ದಳು.